ಮೋಡಿ ಲಿಪಿ ಮತ್ತು ಮರೆವಿನ ಅಂಜಿಕೆ

ಪುಣೆಯಲ್ಲಿ ನೆನಪಿನ ಶಕ್ತಿಯ ಪರೀಕ್ಷೆ ನಡೆಸುವ ಮನಶ್ಶಾಸ್ತ್ರಜ್ಞೆಯಾಗಿ ನಾನು ಕಾಣುವ ಕನ್ನಡಿಗರಲ್ಲಿ ಬ್ಯಾಂಕು, ರೈಲ್ವೆ, ಲೆಕ್ಕಪತ್ರ ಇಲಾಖೆಗಳಿಂದ ನಿವೃತ್ತರಾದವರೇ ಹೆಚ್ಚು. ಅವರಲ್ಲಿ ಕೋಥ್ರೂಡ್‌ನಲ್ಲಿ ನೆಲೆಸಿರುವ, ಧಾರವಾಡ ಸೀಮೆಯ ಅರವತ್ತೆಂಟು ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹೇಳಿದ ಮಾತು ಹೆಚ್ಚುಕಡಿಮೆ ಎಲ್ಲರ ಮಾತೂ ಹೌದು: “ಮಾರಿ ಗುರ್ತು ಸಿಗತದರಿ ಮೇಡಂ, ಹೆಸರು ಸಿಗಂಗಿಲ್ಲ. ಅದು ಸುರು ಆತೇನು ಅಂತ ಅಂಜಿಕಿ ಆಗೇದ.” ‘ಅದು’ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪದಗಳ ಪಟ್ಟಿಯನ್ನು ಕೇಳಿಸಿ ಅರ್ಧ ಗಂಟೆಯ ನಂತರ ನೆನಪಿಸಿಕೊಳ್ಳಲು ಹೇಳುವುದು, ಗಡಿಯಾರ ಬಿಡಿಸಲು ಹೇಳುವುದು, ಚಿತ್ರಾಕೃತಿಯೊಂದನ್ನು ನೋಡಿ ನಕಲು ಮಾಡಿಸುವುದು ಇತ್ಯಾದಿ ಪರೀಕ್ಷೆಗಳಲ್ಲಿ ಅವರ ಅಂಕಗಳು ವಯಸ್ಸಿಗೆ ತಕ್ಕಂತೆಯೇ ಇದ್ದವು. ಹೆಸರುಗಳು ಕೈಕೊಡುವುದಕ್ಕೆ ಬೇರೆಯದೇ ಕಾರಣವಿದೆ. ಒಬ್ಬ ವ್ಯಕ್ತಿಯ ಕಸುಬು ಬಡಿಗತನ ಎಂದು ತಿಳಿದರೆ ಕಟ್ಟಿಗೆ, ಉಳಿ, ಗರಗಸ, ಹೊಟ್ಟಿನ ವಾಸನೆ ಎಲ್ಲವೂ ಆ ತಿಳಿವಳಿಕೆಗೆ ಜೋತುಬೀಳುತ್ತವೆ; ಅದೇ ವ್ಯಕ್ತಿಯ ಅಡ್ಡಹೆಸರು ಬಡಿಗೇರ ಎಂದರೆ ಅದಕ್ಕೆ ಅಂಟಿಕೊಳ್ಳುವುದು ಏನೂ ಇರುವುದಿಲ್ಲ. ವಯಸ್ಸಾದಂತೆ ಮೊದಲು ಜಾರುವುದು ಹೀಗೆ ಒಂಟಿಯಾಗಿ ನಿಂತ ಪದಗಳೇ. ಇದು ಕಾಯಿಲೆಯಲ್ಲ. ಆದರೆ ಪರಿಚಿತ ದಾರಿ ತಪ್ಪುವುದು, ದಿನವೂ ಮಾಡುತ್ತಿದ್ದ ಲೆಕ್ಕ ಗೋಜಲಾಗುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡುಬಂದರೆ ತಡಮಾಡದೆ ತಪಾಸಣೆ ಮಾಡಿಸಬೇಕು.

ದಿನವನ್ನು ಹೇಗೆ ಕಳೆಯುತ್ತೀರಿ ಎಂದು ಕೇಳಿದಾಗ ಅವರು ಸ್ವಲ್ಪ ಹೆಮ್ಮೆಯಿಂದಲೇ ಸುಡೊಕು ಎಂದರು. ಹನ್ನೆರಡು ವರ್ಷಗಳಿಂದ ದಿನಕ್ಕೆ ಎರಡು. ಸುಡೊಕುವಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹನ್ನೆರಡು ವರ್ಷ ಮಾಡಿದ ಕೆಲಸ ಮೆದುಳಿಗೆ ಕಲಿಕೆಯಾಗಿ ಉಳಿದಿರುವುದಿಲ್ಲ, ರೂಢಿಯಾಗಿರುತ್ತದೆ. ಅಮೆರಿಕದಲ್ಲಿ ಡೆನಿಸ್ ಪಾರ್ಕ್ ಮತ್ತು ಅವರ ಸಂಗಡಿಗರು ಅರವತ್ತರಿಂದ ತೊಂಬತ್ತರ ವಯಸ್ಸಿನ 221 ಜನರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಕೆಲವರು ಮೂರು ತಿಂಗಳ ಕಾಲ, ವಾರಕ್ಕೆ ಸುಮಾರು ಹದಿನೈದು ಗಂಟೆ, ಡಿಜಿಟಲ್ ಛಾಯಾಗ್ರಹಣವನ್ನೋ ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವುದನ್ನೋ (ನಮ್ಮ ಕಡೆಯ ಕೌದಿಯ ದೂರದ ಸಂಬಂಧಿ ಎನ್ನಬಹುದು) ಹೊಸದಾಗಿ ಕಲಿತರು. ಉಳಿದವರಲ್ಲಿ ಕೆಲವರು ಹರಟೆ, ಪ್ರವಾಸಗಳಲ್ಲಿ ಜೊತೆಗೂಡಿದರು, ಕೆಲವರು ಮನೆಯಲ್ಲಿ ಸುಲಭದ ಪದಬಂಧ ಬಿಡಿಸಿದರು, ಸಂಗೀತ ಕೇಳಿದರು. ಘಟನೆಗಳನ್ನು ನೆನಪಿಡುವ ಶಕ್ತಿಯಲ್ಲಿ ಸುಧಾರಣೆ ಕಂಡಿದ್ದು, ಗೊತ್ತಿಲ್ಲದ ಕೌಶಲಕ್ಕೆ ಕೈಹಾಕಿದವರಲ್ಲಿ.

ಈ ವಿವರ ಕೇಳಿದ ಮೇಲೆ ಅವರಿಗೆ ನೆನಪಾದದ್ದು ಊರಿನಿಂದ ತಂದಿಟ್ಟಿದ್ದ ಒಂದು ಟ್ರಂಕು. ಕುಲಕರ್ಣಿಕೆಯ ಮನೆತನ, ಒಳಗೆ ಮುತ್ತಜ್ಜಂದಿರ ಕಾಲದ ಕಾಗದಗಳು, ಎಲ್ಲವೂ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. 1818ರವರೆಗೆ ಪೇಶವೆಗಳ ಆಳ್ವಿಕೆಗೆ, ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇಂಥ ಗಂಟುಗಳಿವೆ, ಓದುವವರಿಲ್ಲ.

ಮೋಡಿ ಸುಲಭದ ಲಿಪಿಯಲ್ಲ. ಮೊದಲು ಹಾಳೆಯುದ್ದಕ್ಕೂ ಗೆರೆ ಎಳೆದು, ಅದರ ಕೆಳಗೆ ಲೇಖನಿಯನ್ನು ಆದಷ್ಟು ಎತ್ತದೆ ಬರೆಯುತ್ತ ಹೋಗುವ ಪದ್ಧತಿ ಅದು. ಪದಗಳ ನಡುವೆ ಬಿಡುವಿಲ್ಲ, ಇ–ಈ, ಉ–ಊ ಎಂಬ ಹ್ರಸ್ವದೀರ್ಘಗಳ ಭೇದವಿಲ್ಲ. ದೇವನಾಗರಿ ಬಲ್ಲವರೂ ಮೊದಲ ವಾರ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ನಮ್ಮ ಅಧಿಕಾರಿಗಳು ತರಗತಿಗೆ ಸೇರಿದರು. ಹದಿನೈದು ದಿನಕ್ಕೆ ಬಿಡುವ ಮನಸ್ಸು ಮಾಡಿದರು. ಮುಂದಿನ ಬೆಂಚಿನಲ್ಲಿ ಕುಳಿತ ಇಪ್ಪತ್ತೆರಡರ ಹುಡುಗಿಯೊಬ್ಬಳು ಸರಾಗವಾಗಿ ಓದುತ್ತಿದ್ದಾಗ, ನಾಲ್ವತ್ತು ಜನರ ಶಾಖೆಯನ್ನು ನಡೆಸಿದ್ದ ತಾವು ‘ಕ’ ಯಾವುದು ಎಂದು ತಡಕಾಡಬೇಕಾಯಿತು ಎಂಬುದೇ ಕಾರಣ. ಮೂವತ್ತು ವರ್ಷ ಉತ್ತರ ಕೊಟ್ಟೇ ಅಭ್ಯಾಸವಾದವರಿಗೆ ‘ನನಗೆ ಗೊತ್ತಿಲ್ಲ’ ಎನ್ನುವುದು ಕಷ್ಟ. ನಡುವಯಸ್ಸಿನ ನಂತರ ಕಲಿಕೆಗೆ ಅಡ್ಡ ಬರುವುದು ಮೆದುಳಿಗಿಂತ ಹೆಚ್ಚಾಗಿ ಈ ಸಂಕೋಚ ಎಂಬುದು ನನ್ನ ಅನುಭವ.

ಹಾಗೆಂದು ವಯಸ್ಸು ಏನೂ ಮಾಡುವುದಿಲ್ಲ ಎಂದರೆ ಸುಳ್ಳಾದೀತು. ಹೊಸ ಸಮಸ್ಯೆಯನ್ನು ಬೇಗ ಬಿಡಿಸುವ ಚುರುಕು ಯೌವನದ ನಂತರ ನಿಧಾನವಾಗಿ ಇಳಿಯುತ್ತದೆ. ಕೂಡಿಟ್ಟ ಅರಿವು, ಶಬ್ದಸಂಪತ್ತು ಮಾತ್ರ ಬಹುಕಾಲ ಬೆಳೆಯುತ್ತಲೇ ಇರುತ್ತದೆ. ಆ ಹುಡುಗಿ ಅಕ್ಷರ ಗುರುತಿಸುವುದರಲ್ಲಿ ಮುಂದಿದ್ದಳು ನಿಜ, ಆದರೆ ಅಳಿಸಿಹೋದ ಪದವೊಂದು ‘ಇನಾಮು’ ಇರಬೇಕೋ ‘ಗಹಾಣ’ (ಅಡವು) ಇರಬೇಕೋ ಎಂದು ಸಾಲಿನ ಧಾಟಿಯಿಂದಲೇ ಹೇಳಬಲ್ಲವರು, ಜೀವಮಾನವಿಡೀ ಕೃಷಿಸಾಲದ ಕಡತ ಓದಿದ ಇವರು. ಇದು ತಿಳಿದ ಮೇಲೆ ಅವರು ತರಗತಿ ಬಿಡಲಿಲ್ಲ.

ಕಲಿಯುವ ಕ್ರಮದಲ್ಲಿ ನಾನು ಒಂದೇ ಬದಲಾವಣೆ ಸೂಚಿಸಿದ್ದೆ. ಪಾಠವನ್ನು ಹತ್ತು ಸಲ ಓದುವ ಬದಲು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಬರೆದು ನೋಡಬೇಕು. ಮತ್ತೆ ಒಂದು ದಿನ ಬಿಟ್ಟು, ಆಮೇಲೆ ನಾಲ್ಕು ದಿನ ಬಿಟ್ಟು. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದಂತೆ, ಮರಳಿ ಮರಳಿ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿರುತ್ತಾರೆ, ಆದರೆ ವಾರ ಕಳೆದಾಗ ಹೆಚ್ಚು ನೆನಪಿರುವುದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ. ಕಷ್ಟಪಟ್ಟು ನೆನಪಿಸಿಕೊಳ್ಳುವ ಆ ತಿಣುಕಾಟವೇ ನೆನಪನ್ನು ಗಟ್ಟಿ ಮಾಡುತ್ತದೆ.

ವಯಸ್ಕರ ಮೆದುಳು ಕಲಿಕೆಗೆ ತಕ್ಕಂತೆ ಬದಲಾಗುತ್ತದೆ ಎನ್ನುವುದಕ್ಕೆ ಲಂಡನ್ನಿನ ಟ್ಯಾಕ್ಸಿ ಚಾಲಕರೇ ಸಾಕ್ಷಿ. ಪರವಾನಗಿಗಾಗಿ ಅವರು ಸುಮಾರು 25,000 ಬೀದಿಗಳನ್ನು ಮೂರು–ನಾಲ್ಕು ವರ್ಷ ಕಲಿಯುತ್ತಾರೆ. ಕ್ಯಾಥರಿನ್ ವುಲೆಟ್ ಮತ್ತು ಎಲೀನರ್ ಮಗ್ವೈರ್ 2011ರಲ್ಲಿ ಪ್ರಕಟಿಸಿದಂತೆ, 79 ಅಭ್ಯರ್ಥಿಗಳಲ್ಲಿ ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಹಿಗ್ಗಿತ್ತು.

ಭಾಷೆಯ ವಿಷಯದಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂದು ಬದುಕುವ ನಮಗೆ ಹೈದರಾಬಾದಿನ ಒಂದು ಅಧ್ಯಯನ ಹೆಚ್ಚು ಹತ್ತಿರದ್ದು. ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಬುದ್ಧಿಭ್ರಂಶದ (ಡಿಮೆನ್ಷಿಯಾ) 648 ರೋಗಿಗಳನ್ನು ಪರಿಶೀಲಿಸಿ, ಎರಡು ಭಾಷೆ ಬಲ್ಲವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದನ್ನು 2013ರಲ್ಲಿ ವರದಿ ಮಾಡಿದರು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಇತ್ತು. ಇದು ಹೊರಗಿನಿಂದ ಗಮನಿಸಿ ಬರೆದ ಲೆಕ್ಕವಾದ್ದರಿಂದ, ಮರಾಠಿ ಕಲಿತರೆ ಕಾಯಿಲೆ ಬಾರದು ಎಂದು ಯಾರೂ ಅರ್ಥೈಸಬಾರದು. ಕಲಿಕೆ ಔಷಧಿಯಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಹತೋಟಿಯೂ ಅಷ್ಟೇ ಮುಖ್ಯ. ಕಿವಿಯನ್ನಂತೂ ತಪ್ಪದೆ ತೋರಿಸಿಕೊಳ್ಳಬೇಕು: ‘ಹೇಳಿದ್ದು ಮರೆಯುತ್ತಾರೆ’ ಎಂದು ಮಕ್ಕಳು ಕರೆತಂದ ಎಷ್ಟೋ ಹಿರಿಯರಿಗೆ ಹೇಳಿದ್ದು ಕೇಳಿಸಿಯೇ ಇರುವುದಿಲ್ಲ.

ವರ್ಷದ ನಂತರ ಮರುಪರೀಕ್ಷೆಗೆ ಬಂದಾಗ ಅವರ ಅಂಕಗಳು ಹಿಂದಿನಂತೆಯೇ ಇದ್ದವು, ಏರಿರಲಿಲ್ಲ, ಇಳಿದಿರಲಿಲ್ಲ. ಅವರಿಗೆ ಅದರ ಕಡೆ ಗಮನವೇ ಇರಲಿಲ್ಲ. ಮೊಬೈಲಿನಲ್ಲಿದ್ದ ಕಾಗದದ ಚಿತ್ರವನ್ನು ಹಿಗ್ಗಿಸಿ ತೋರಿಸಿ, ಜೀವನವಿಡೀ ಸಾಲ ಮಂಜೂರು ಮಾಡಿದವರು ತಾವು, ತಮ್ಮ ಮುತ್ತಜ್ಜ ಒಂದು ಜೋಡಿ ಎತ್ತಿಗಾಗಿ ಬರೆದುಕೊಟ್ಟ ಸಾಲಪತ್ರ ಅದು ಎಂದು ನಕ್ಕರು. ಪತ್ರದ ಕೊನೆಯಲ್ಲಿದ್ದ ನಾಲ್ವರು ಸಾಕ್ಷಿದಾರರ ಹೆಸರುಗಳನ್ನು, ಅವರವರ ಊರಿನ ಸಮೇತ, ಚಿತ್ರ ನೋಡದೆ ಹೇಳಿದರು. ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, “ಬರ್ತೀನ್ರಿ, ಡಾಕ್ಟರ್…” ಎಂದು ನನ್ನ ಹೆಸರಿಗಾಗಿ ಕ್ಷಣಹೊತ್ತು ಹುಡುಕಿದರು, ಸಿಗಲಿಲ್ಲ.