ಜಾದೂ ಸಾಮಾನು ಕೊಳ್ಳೋ ಮುಂಚೆ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ

ಚಿಕ್ಕಮಗಳೂರಲ್ಲಿ ಜಾದೂ ಶೋ ಮಾಡ್ಕೊಂಡೇ ಜೀವನ ಮಾಡ್ತಿರೋನು ನಾನು. ಸ್ಕೂಲ್ ಡೇ, ಗಣಪತಿ ಪೆಂಡಾಲು, ಎಸ್ಟೇಟ್ ಮನೆಗಳ ಹುಟ್ಟುಹಬ್ಬ ಅಂತ ಕಡೂರಿಂದ ಶೃಂಗೇರಿವರೆಗೂ ಓಡಾಟ ಇದ್ದಿದ್ದೇ, ಅದರ ಜೊತೆಗೆ ಕೈಯಲ್ಲಿ ಮಾಡಿದ ಹಳೇ ಜಾದೂ ಸಾಮಾನು, ಜಾದೂ ಪುಸ್ತಕ ಕೂಡಿಡ್ತೀನಿ, ಕೆಟ್ಟಿದ್ದನ್ನ ರಿಪೇರಿನೂ ಮಾಡ್ತೀನಿ. ಈಗ ಸುಮಾರು ಹುಡುಗರು ಆನ್‌ಲೈನಲ್ಲಿ ಏನೋ ನೋಡಿ ವಾಟ್ಸಾಪಲ್ಲಿ ಫೋಟೋ ಕಳಿಸಿ "ಸರ್, ಇದು ತಗೋಬಹುದಾ" ಅಂತ ಕೇಳ್ತಾರೆ. ಫೋಟೋ ನೋಡಿ ನಾನೇನೂ ಹೇಳಕ್ಕಾಗಲ್ಲ. ಯಾಕಂದ್ರೆ ಒಳ್ಳೆ ಜಾದೂ ಸಾಮಾನಲ್ಲಿ ಕಸುಬಿನೋನ ಶ್ರಮ ಪೂರ್ತಿ ಹೋಗಿರೋದು ಯಾರಿಗೂ ಕಾಣಬಾರದ ಜಾಗಕ್ಕೆ, ಅದು ಕಣ್ಣಿಗೂ ಕಾಣಲ್ಲ ಕ್ಯಾಮೆರಾಗೂ ಕಾಣಲ್ಲ, ಬೆರಳಿಗೆ ಮಾತ್ರ ಗೊತ್ತಾಗೋದು.

ನೀರಿನ ಚೊಂಬನ್ನೇ ತಗೊಳ್ಳಿ. ಎಷ್ಟು ಸಲ ಬಗ್ಗಿಸಿ ಖಾಲಿ ಮಾಡಿದ್ರೂ ಮತ್ತೆ ನೀರು ಬರ್ತಾನೇ ಇರುತ್ತಲ್ಲ, ಅದು. ಬಂಗಾಳದ ಹೆಸರಾಂತ ಜಾದೂಗಾರ ಪಿ. ಸಿ. ಸೊರ್ಕಾರ್ (1913–1971) ಅವರ ಶೋನಲ್ಲಿ "ವಾಟರ್ ಆಫ್ ಇಂಡಿಯಾ" ಅಂತ ಐಟಂಗಳ ಮಧ್ಯೆ ಮಧ್ಯೆ ಬರ್ತಿದ್ದಿದ್ದು ಇದೇ. ಒಳಗಿರೋದು ಗಾಳಿಗೂ ನೀರಿಗೂ ಇರೋ ಹೈಸ್ಕೂಲ್ ಪಾಠದ ಲೆಕ್ಕ, ಅದಕ್ಕಿಂತ ಜಾಸ್ತಿ ನಾನಿಲ್ಲಿ ಬಿಡಿಸಿ ಹೇಳಲ್ಲ, ಕಸುಬು ಗೊತ್ತಿರೋರಿಗೆ ಇಷ್ಟು ಸಾಕು. ಕೊಳ್ಳುವಾಗ ಮಾತ್ರ ಚೊಂಬನ್ನ ಎರಡೂ ಕೈಯಲ್ಲಿ ಎತ್ತಿ ಸುಮ್ನೆ ಬಗ್ಗಿಸಿ ನೋಡಿ. ಬೆರಳು ಎಲ್ಲಿ ಕೂರಬೇಕೋ ಅಲ್ಲಿ ಹುಡುಕದೇನೇ ತಾನಾಗೇ ಹೋಗಿ ಕೂತರೆ ಅದನ್ನ ಮಾಡಿದೋನು ಜಾದೂಗಾರನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿದಾನೆ ಅಂತ ಅರ್ಥ. ಆಮೇಲೆ ನೀರು ತುಂಬಿಸಿ ಒಂದು ಹಳೇ ನ್ಯೂಸ್‌ಪೇಪರ್ ಮೇಲೆ ಇಡಿ, ಬೆಸುಗೆ ಬಿಟ್ಟಿದ್ರೆ ಸ್ವಲ್ಪ ಹೊತ್ತಲ್ಲೇ ಪೇಪರ್ ಹೇಳುತ್ತೆ. ಹಿತ್ತಾಳೆ ಅಂತ ಹುಣಸೆಹಣ್ಣು ಹಾಕಿ ತಿಕ್ಕೋರಿದ್ದಾರೆ, ಹೊರಗಡೆ ತಿಕ್ಕಿ ತೊಂದರೆ ಇಲ್ಲ, ಆದರೆ ಹುಳಿ ನೀರು ಒಳಗೆ ಹೋಯ್ತು ಅಂದ್ರೆ ಅಲ್ಲಿ ಕೈ ಹಾಕಿ ಒರೆಸೋಕಾಗಲ್ಲ, ಕಿಲುಬು ಹಿಡಿದು ಬೆಸುಗೆನೇ ತಿಂದು ಹಾಕುತ್ತೆ. ಶೋ ಮುಗಿದ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ ಇಡಬೇಕು, ಮಳೆಗಾಲದಲ್ಲಿ ಇದಕ್ಕೇ ಎರಡು ದಿನ ಬೇಕು.

ಬೋರಲು ಹಾಕಿದ ಬಟ್ಟಲ ಕೆಳಗೆ ಗೋಲಿ ಮಾಯ ಆಗೋದು, ಮತ್ತೆ ಬರೋದು ಮಾಡೋ ಬಟ್ಟಲು–ಗೋಲಿ ಆಟ ಇದೆಯಲ್ಲ, ಅದರಲ್ಲೂ ಹಾಗೇ. ಬಹಳ ಹಳೇ ಆಟ ಇದು, ರೋಮನ್ನರ ಕಾಲದ ಸೆನೆಕಾ ಬರೆದ ಪತ್ರದಲ್ಲೇ ಇದರ ಪ್ರಸ್ತಾಪ ಇದೆ. ಪಶ್ಚಿಮದ ಬಟ್ಟಲುಗಳು ಲೋಹದ ಲೋಟದ ಥರ, ಒಂದರೊಳಗೊಂದು ಕೂರ್ತಾವೆ, ಟೇಬಲ್ ಬೇಕು. ನಮ್ಮ ಸಂತೆ–ಜಾತ್ರೆಗಳಲ್ಲಿ ಮೋಡಿಯೋರು ನೆಲದ ಮೇಲೆ ಕೂತು ಆಡಿಸ್ತಿದ್ದಿದ್ದು ಮರದ ಬಟ್ಟಲಲ್ಲಿ, ಬಟ್ಟೆ ಸುತ್ತಿದ ಉಂಡೆ ಇಟ್ಕೊಂಡು. ಆ ಬಟ್ಟಲಿಗೆ ಮೇಲೊಂದು ಗುಬಟು ಇರುತ್ತೆ, ಗುಬಟಿನ ಕೆಳಗೊಂದು ಸಣ್ಣ ಕತ್ತು, ಆ ಕತ್ತನ್ನ ತೋರುಬೆರಳು ಮಧ್ಯದ ಬೆರಳಿನ ಸಂದಿಯಲ್ಲಿ ಹಿಡಿದು ಎತ್ತೋದು. ಈ ಕತ್ತು ಒಂದು ದಾರದಷ್ಟು ದಪ್ಪ ಆದ್ರೂ ಬೆರಳು ಅಗಲ ಆಗುತ್ತೆ, ಬೆರಳು ಅಗಲ ಆಯ್ತು ಅಂದ್ರೆ ಅಂಗೈ ಬಿಗಿಯಾಗುತ್ತೆ, ಅಂಗೈ ಬಿಗಿಯಾಗಿದ್ರೆ ಮುಂದೆ ಕೂತಿರೋ ಮಗುಗೂ ಏನೋ ಇದೆ ಅಂತ ಅನುಮಾನ ಬಂದುಬಿಡುತ್ತೆ. ಅಂಗಡಿ ಸೆಟ್ಟುಗಳಲ್ಲಿ ಈ ಕತ್ತು ಎಲ್ಲರಿಗೂ ಒಂದೇ ಅಳತೆ. ನನ್ನ ಸೆಟ್ಟು ಚನ್ನಪಟ್ಟಣದಲ್ಲಿ ಆಲೆ ಮರದಲ್ಲಿ (ಅಲ್ಲಿ ಗೊಂಬೆ ಮಾಡೋ ಮರ, ಆಲದ ಮರ ಅಲ್ಲ) ಕಡೆಸಿದ್ದು. ಕಡೆಯೋ ಮುಂಚೆ ಅಲ್ಲಿನ ಕಸುಬಿನೋರು "ಕೈ ಇಲ್ಲಿಡಿ ಸಾರ್" ಅಂತ ನನ್ನ ಬೆರಳಿನ ಸಂದಿಗೆ ಬೇರೆ ಬೇರೆ ದಪ್ಪದ ಕಡ್ಡಿ ಇಟ್ಟು ನೋಡಿದ್ರು. ಮರ ತಿರುಗ್ತಾ ಇರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡ್ತಾರೆ. ಆ ಹೊಳಪು ಬರೀ ಚಂದಕ್ಕಲ್ಲ, ಬಟ್ಟಲು ಚಾಪೆ ಮೇಲೆ ಸದ್ದಿಲ್ಲದೆ ಜಾರೋಕೂ ಅದೇ ಬೇಕು. ಮೇಲೆ ಇನ್ನೊಂದು ಕೋಟು ವಾರ್ನಿಶ್ ಹೊಡೆಯೋ ಆಸೆ ಬಂದ್ರೆ ದಯವಿಟ್ಟು ತಡ್ಕೊಳ್ಳಿ.

ಗುಟ್ಟಿನ ಬಾಗಿಲು ಇರೋ ಜಾದೂ ಪೆಟ್ಟಿಗೆಗಳ ವಿಷಯ ನಮ್ಮ ಜಿಲ್ಲೆಯಲ್ಲಿ ಬೇರೇನೇ. ಇಲ್ಲಿ ಒಂದೇ ಜಿಲ್ಲೆಯಲ್ಲಿ ಕಡೂರಿನ ಬಿಸಿಲೂ ಇದೆ, ಶೃಂಗೇರಿ ಕೊಪ್ಪದ ಜಡಿಮಳೆನೂ ಇದೆ, ಕಡೂರಲ್ಲಿ ಬೆಣ್ಣೆ ಥರ ತೆಗೆದುಕೊಂಡ ಬಾಗಿಲು ಆಷಾಢದಲ್ಲಿ ಕೊಪ್ಪಕ್ಕೆ ಹೋದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಮರ ಉದ್ದಕ್ಕೆ ಹಿಗ್ಗೋದು ಲೆಕ್ಕಕ್ಕೇ ಬರಲ್ಲ, ಅಗಲಕ್ಕೆ ಹಿಗ್ಗುತ್ತೆ. ಹಾಗಾಗಿ ಜಾರೋ ಹಲಗೆಯ ಎಳೆ ಯಾವ ಕಡೆಗಿದೆ ಅಂತ ಮೊದಲು ನೋಡಿ. ಚೆನ್ನಾಗಿ ಒಣಗಿದ ತೇಗ ಕಡಿಮೆ ಕಾಟ ಕೊಡುತ್ತೆ, ಎಸ್ಟೇಟಲ್ಲಿ ಸುಲಭಕ್ಕೆ ಸಿಗುತ್ತೆ ಅಂತ ಹಸಿ ಸಿಲ್ವರ್ ಓಕ್ ಹಾಕಿಸಿದ್ರೆ ತಿರುಚ್ಕೊಳ್ಳುತ್ತೆ. ಹೊರಗೆ ಮಾತ್ರ ಪಾಲಿಶ್ ಮಾಡಿ ಒಳಗೆ ಹಾಗೇ ಬಿಟ್ಟಿರೋ ಪೆಟ್ಟಿಗೆ ತಗೋಬೇಡಿ, ಒಂದೇ ಕಡೆ ಥಂಡಿ ಎಳ್ಕೊಂಡು ಹಲಗೆ ಬಾಗುತ್ತೆ. ಇನ್ನೊಂದು ಮುಖ್ಯವಾದ್ದು, ಮಳೆಗಾಲದಲ್ಲಿ ಬಿಗಿ ಆಯ್ತು ಅಂತ ಸ್ಯಾಂಡ್ ಪೇಪರ್ ಹಿಡಿಬೇಡಿ. ಆಗ ಉಜ್ಜಿದ್ದು ಏಪ್ರಿಲ್‌ನಲ್ಲಿ ಸಡಿಲ ಆಗಿ ಲೊಟಲೊಟ ಅನ್ನುತ್ತೆ, ಆ ಸದ್ದು ಕೇಳಿಸ್ತು ಅಂದ್ರೆ ಆಟ ಅಲ್ಲಿಗೆ ಮುಗೀತು. ಬಿಗಿ ಆದ ಕಡೆ ಮೇಣದಬತ್ತಿ ಸವರಿ, ಮಳೆ ನಿಲ್ಲೋವರೆಗೂ ಕಾಯಿರಿ.

ನನಗೆ ಪೆಟ್ಟಿಗೆ ಮಾಡ್ಕೊಡೋ ಆಚಾರ್ರು ಒಬ್ಬರಿದ್ದಾರೆ, ಜಾದೂ ಕಲಿತೋರಲ್ಲ, ಬಾಗಿಲು ಕಿಟಕಿ ಮಾಡೋರು. ಒಂದು ಪೆಟ್ಟಿಗೆಯಲ್ಲಿ ಸಂದು ಕಾಣಬಾರದು ಅಂತ ನಾನು ಒಂದೇ ಸಮ ಹೇಳ್ತಿದ್ದಾಗ ಅವರು ಉಳಿ ಕೆಳಗಿಟ್ಟು, "ಅಲ್ಲ ಸ್ವಾಮಿ, ಮರದಲ್ಲಿ ಸಂದು ಎಷ್ಟು ಮುಚ್ಚಿದ್ರೂ ಹತ್ತಿರ ಬಂದು ನೋಡಿದೋರಿಗೆ ಕಂಡೇ ಕಾಣ್ತದೆ. ಅಂಥದೇ ಗೆರೆ ಉಳಿದ ಮೂರು ಕಡೆನೂ ಎಳೆದುಬಿಡಾನ, ಆಗ ಯಾವುದು ಬಾಗಿಲು ಅಂತ ಯಾರು ಹೇಳ್ತಾರೆ?" ಅಂದ್ರು. ದೊಡ್ಡ ದೊಡ್ಡ ತಯಾರಕರು ಪೆಟ್ಟಿಗೆ ಸುತ್ತ ಪಟ್ಟಿ, ಚೌಕಟ್ಟು ಓಡಿಸೋದು ಇದಕ್ಕೇನೇ, ಇವರು ನಿಂತ ನಿಲುವಲ್ಲೇ ಅದನ್ನ ಕಂಡ್ಕೊಂಡ್ರು. ಆಧುನಿಕ ಜಾದೂಗೆ ಗುರು ಅಂತ ಎಲ್ಲರೂ ಒಪ್ಪೋ ಫ್ರಾನ್ಸಿನ ರಾಬರ್ಟ್ ಹೂಡಿನ್ (1805–1871) ಮೊದಲು ಗಡಿಯಾರ ಮಾಡ್ತಿದ್ದೋನು. ಈ ವಿದ್ಯೆ ಬೆಳೆದಿದ್ದರಲ್ಲಿ ಕಸುಬಿನೋರ ಪಾಲು ಜಾದೂಗಾರರ ಪಾಲಿಗಿಂತ ಒಂದು ತೂಕ ಕಡಿಮೆ ಇಲ್ಲ, ಆದ್ರೆ ಪೋಸ್ಟರಲ್ಲಿ ಅವರ ಹೆಸರು ಬರಲ್ಲ. ನಿಮ್ಮ ಸಾಮಾನು ಮಾಡಿದೋರ ಹೆಸರನ್ನ ಪೆಟ್ಟಿಗೆ ತಳದಲ್ಲಿ ಪೆನ್ಸಿಲಲ್ಲಾದ್ರೂ ಬರೆದಿಡಿ.

ಇನ್ನು ಪುಸ್ತಕ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಬರೆದ ಪುಸ್ತಕ ಜಾದೂ ತಂತ್ರಗಳನ್ನ ಬಿಡಿಸಿ ಹೇಳಿದ ಮೊದಮೊದಲ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು. ಮಾಟಗಾತಿ ಅಂತ ಪಾಪದ ಹೆಂಗಸರನ್ನ ಕೊಲ್ಲೋದು ತಪ್ಪು ಅಂತ ವಾದ ಮಾಡೋಕೆ ಆತ ಅದನ್ನ ಬರೆದಿದ್ದು, ಇಂಥದೆಲ್ಲ ಕೈಚಳಕ ಅಂತ ತೋರಿಸೋಕೆ ತಂತ್ರಗಳ ವಿವರ ಕೊಟ್ಟ. ಮೂಲ ಪ್ರತಿ ನಮ್ಮಂಥೋರ ಕೈಗೆ ಸಿಗೋದಲ್ಲ, ಬೇಕಾಗೂ ಇಲ್ಲ. ಆದರೆ ಪ್ರೊಫೆಸರ್ ಹಾಫ್‌ಮನ್ 1876ರಲ್ಲಿ ತಂದ "ಮಾಡರ್ನ್ ಮ್ಯಾಜಿಕ್" ಮರುಮುದ್ರಣವಾದ್ರೂ ನಿಮ್ಮ ಹತ್ರ ಇರಲಿ, 300ಕ್ಕೂ ಹೆಚ್ಚು ಚಿತ್ರ ಇದೆ ಅದರಲ್ಲಿ. ಸೂಚನೆ ಚೀಟಿ ಕಳ್ಕೊಂಡ, ಏನು ಎತ್ತ ಅಂತ ಗೊತ್ತಾಗದ ಹಳೇ ಸಾಮಾನು ಕೈಗೆ ಬಂದಾಗ ನಾನು ಮೊದಲು ತೆಗೆಯೋದು ಆ ಚಿತ್ರಗಳನ್ನೇ. ಇಸ್ಪೀಟಿನ ವಿದ್ಯೆಗೆ 1902ರಲ್ಲಿ ಷಿಕಾಗೋದಲ್ಲಿ ಬಂದ ಎಸ್. ಡಬ್ಲ್ಯೂ. ಅರ್ಡ್‌ನೇಸ್ ಪುಸ್ತಕ ಇದೆ, ಆ ಹೆಸರು ಕಾವ್ಯನಾಮ, ಬರೆದೋರು ಯಾರು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಓದೋಕೆ ಅಗ್ಗದ ಪ್ರತಿ ಸಾಕು.

ನನ್ನ ಕೇಳಿದ್ರೆ ದುಡ್ಡು ಹಾಕಿ ವಿದೇಶಿ ಪುಸ್ತಕ ತರಿಸೋದಕ್ಕಿಂತ ಮುಂಚೆ ಬಸ್‌ಸ್ಟ್ಯಾಂಡಲ್ಲಿ, ಜಾತ್ರೆಯಲ್ಲಿ ಮಾರ್ತಿದ್ದ ಕನ್ನಡದ ತೆಳು ಇಂದ್ರಜಾಲದ ಪುಸ್ತಕಗಳನ್ನ ಹುಡುಕಿ. ಮಂತ್ರ, ನಾಟಿ ಔಷಧಿ, ಬೆಂಕಿಪೊಟ್ಟಣದ ಆಟ ಎಲ್ಲಾ ಕಲಸಿ ಅಚ್ಚು ಹಾಕಿರ್ತಾರೆ, ಅರ್ಧಕ್ಕರ್ಧ ಕೆಲಸಕ್ಕೆ ಬಾರದ್ದೇ ಇರಬಹುದು, ಆದರೂ ನಮ್ಮ ಊರಿನ ಹುಡುಗರು ಏನು ಓದಿ ಜಾದೂಗೆ ಬಿದ್ರು ಅನ್ನೋಕೆ ಇರೋ ಸಾಕ್ಷಿ ಅದೊಂದೇ. ಇಂಥವನ್ನ ಯಾರೂ ಜೋಪಾನ ಮಾಡಿಲ್ಲ, ಗುಜರಿ ತೂಕಕ್ಕೆ ಹೋಗ್ತಾ ಇದೆ, ಹೊಟ್ಟೆ ಉರಿಯುತ್ತೆ.

ಅಗ್ಗದ ಕಾಗದ, ತಾನಾಗೇ ಕಂದು ಆಗಿ ಮುಟ್ಟಿದ್ರೆ ಪುಡಿ ಆಗುತ್ತೆ, ಸೆಲೋ ಟೇಪ್ ಅಂತೂ ಹಾಕ್ಲೇಬೇಡಿ. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಟ್ರೆ ಒಳಗೇ ಥಂಡಿ ನಿಂತು ಬೂಷ್ಟು ಬರುತ್ತೆ. ಗೋಡೆಗೆ ತಾಗದ ಹಾಗೆ ಬೀರು ಇಟ್ಟು ಸಿಲಿಕಾ ಜೆಲ್ ಹಾಕಿ, ಅದು ತೇವ ಹಿಡಿದ ಮೇಲೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಬೂಷ್ಟು ಬಂದಿದ್ರೆ ಒದ್ದೆ ಬಟ್ಟೆ ಬೇಡ, ಮೂಗಿಗೆ ಮಾಸ್ಕ್ ಹಾಕ್ಕೊಂಡು ಮನೆ ಹೊರಗೆ, ನೆರಳಲ್ಲಿ ಒಣಗಿಸಿ ಮೆತ್ತನೆ ಬ್ರಷ್‌ನಲ್ಲಿ ಕೊಡವಿ.

ಸಾಮಾನಿನ ಜೊತೆ ಬರೋ ಒಂದು ಹಾಳೆ ಸೂಚನೆ ಚೀಟಿ ಇರುತ್ತಲ್ಲ, ಎಷ್ಟೋ ಸಲ ಸಾಮಾನಿಗಿಂತ ಅದೇ ಅಪರೂಪ. ಮಡಿಕೆ ಬಿಚ್ಚಿ ಅಗಲವಾಗಿ ಇಡಿ, ಸ್ಕ್ಯಾನ್ ಮಾಡಿ ಒಂದು ಪ್ರತಿ ಬೇರೆ ಕಡೆ ಇಟ್ಟಿರಿ. ಚೀಟಿ ಇಲ್ಲದೇ ಬಂದ ಸಾಮಾನಿಗೆ ನೀವೇ ಬರೀರಿ: ಯಾರಿಂದ ಬಂತು, ಯಾವ ಮರ, ಯಾವ ಭಾಗ ಇಲ್ಲ, ಹೇಗೆ ಕೆಲಸ ಮಾಡುತ್ತೆ. ಬರೆದ ಪುಸ್ತಕ ಎಲ್ಲಿಟ್ಟಿದೀನಿ ಅಂತ ಮನೇಲಿ ಒಬ್ಬರಿಗಾದ್ರೂ ಹೇಳಿರಿ. ಜಾದೂಗಾರ ತೀರ್ಕೊಂಡ ಮನೆಗೆ ನಾನು ಹೋದಾಗ ಸಾಮಾನ್ಯವಾಗಿ ನೋಡೋದು ಏನಂದ್ರೆ, ಪೆಟ್ಟಿಗೆ ಒಂದು ಕೋಣೆಯಲ್ಲಿ, ಅದರ ಮುಚ್ಚಳ ಅಟ್ಟದ ಮೇಲೆ, ಒಳಗಿರಬೇಕಾದ ಸಣ್ಣ ತಗಡು ಯಾವುದು ಅಂತ ಯಾರಿಗೂ ಗೊತ್ತಾಗದೆ ಹಳೇ ಕಬ್ಬಿಣದ ಜೊತೆ ಆಗಲೇ ಹೋಗಿರುತ್ತೆ.