ಚೊಚ್ಚಲ ಆಲ್ಬಂ ಅಂದರೆ ಯಾವುದು?

ಯೂಟ್ಯೂಬಿಗೆ ಒಂದೇ ಒಂದು ಹಾಡು ಹಾಕಿದವರನ್ನೂ ಈಗ ‘ಚೊಚ್ಚಲ ಆಲ್ಬಂ ಬಿಡುಗಡೆ ಮಾಡಿದ ಗಾಯಕ’ ಅಂತ ಬರೆಯುತ್ತಾರೆ. ಸಿನಿಮಾದಲ್ಲಿ ಇಲ್ಲದ ಹಾಡೆಲ್ಲ ನಮ್ಮಲ್ಲಿ ‘ಆಲ್ಬಂ ಸಾಂಗ್’ ಆಗಿಬಿಟ್ಟಿದೆಯಲ್ಲ, ಗೊಂದಲ ಶುರುವಾಗಿದ್ದು ಅಲ್ಲಿಂದ. ಮಾತಿನಲ್ಲಿ ಹೇಗೋ ನಡೆಯುತ್ತದೆ ಬಿಡಿ. ಆದರೆ ಅಮೆರಿಕದ ಹಳ್ಳಿ ಸೊಗಡಿನ ‘ಕಂಟ್ರಿ’ ಸಂಗೀತದ ಗಾಯಕ ರ‍್ಯಾಂಡಿ ಟ್ರಾವಿಸ್ ಬಗ್ಗೆ ಬರೆಯುವಾಗಲೂ ಇದೇ ಲೆಕ್ಕ ಹಿಡಿದು, ಒಂದು ಬಿಡಿ ಹಾಡನ್ನು ಚೊಚ್ಚಲ ಆಲ್ಬಂ ಅಂತ ಕರೆದು, ಮೇಲೆ ‘ಜಾನಪದ ಗೀತೆಗಳ ಸಂಗ್ರಹ’ ಅಂತಲೂ ಸೇರಿಸಿದರೆ ಸುಮ್ನೆ ಇರಲು ಆಗುವುದಿಲ್ಲ.

ಮೊದಲು ‘ಆಲ್ಬಂ’. ಇದರ ಬುಡ ಲ್ಯಾಟಿನ್‌ನ ‘ಆಲ್ಬಸ್’, ಅಂದರೆ ಬಿಳಿ. ಹಳೆಯ ರೋಮ್‌ನಲ್ಲಿ ಸರ್ಕಾರದ ಪ್ರಕಟಣೆಗಳನ್ನು ಬರೆದು ಜನರ ಕಣ್ಣಿಗೆ ಬೀಳುವಂತೆ ಇಡುತ್ತಿದ್ದ ಬಿಳಿ ಹಲಗೆಗೆ ಆಲ್ಬಂ ಅನ್ನುತ್ತಿದ್ದರು. ಎಷ್ಟೋ ಕಾಲದ ಮೇಲೆ ಯುರೋಪಿನಲ್ಲಿ, ಗೆಳೆಯರ ಕೈಯಲ್ಲಿ ಸಹಿ ಹಾಕಿಸಿ ನಾಲ್ಕು ಸಾಲು ಬರೆಸಿಕೊಳ್ಳುವ ಖಾಲಿ ಪುಸ್ತಕಕ್ಕೆ ಆ ಹೆಸರು ಬಂತು. ಆಮೇಲೆ ಫೋಟೋ ಅಂಟಿಸುವ ಪುಸ್ತಕಕ್ಕೆ. ಅದು ನಮ್ಮ ಮನೆಗಳಿಗೂ ಬಂತು, ಮದುವೆ ಆಲ್ಬಂ ಗೊತ್ತಿಲ್ಲದವರು ಯಾರಿದ್ದಾರೆ.

ಹಾಡಿಗೆ ಈ ಪದ ಅಂಟಿಕೊಂಡ ಬಗೆ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಾಲ್ಕು ನಿಮಿಷದ ಸಂಗೀತ. ದೊಡ್ಡ ಕೃತಿ ಬೇಕೆಂದರೆ ನಾಲ್ಕೈದು ಪ್ಲೇಟು ಕೊಳ್ಳಬೇಕು. 1909ರಲ್ಲಿ ಓಡಿಯನ್ ಕಂಪನಿ ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್ ಸೂಟ್’ ಅನ್ನು ನಾಲ್ಕು ಪ್ಲೇಟುಗಳ ಒಂದೇ ಕಟ್ಟಾಗಿ ಮಾರಿತು. ಮುಂದೆ ಇಂಥ ಕಟ್ಟುಗಳನ್ನು ದಪ್ಪ ರಟ್ಟಿನ ಪುಸ್ತಕದ ಹಾಗೆ ಹೊಲಿಯುವುದು ರೂಢಿಯಾಯಿತು. ಹಾಳೆ ತಿರುವಿದಂತೆ ಕಾಗದದ ಚೀಲಗಳನ್ನು ತಿರುವುತ್ತಾ ಹೋಗಬೇಕು, ಒಂದೊಂದು ಚೀಲದಲ್ಲೂ ಒಂದೊಂದು ಪ್ಲೇಟು. ಫೋಟೋ ಆಲ್ಬಂನ ಹಾಗೇ ಕಾಣುತ್ತಿದ್ದ ಆ ಪುಸ್ತಕಕ್ಕೂ ಆಲ್ಬಂ ಅಂದರು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು, ಬದಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹಿಡಿಸುವ ಪ್ಲೇಟು. ಪುಸ್ತಕ ಹೋಯಿತು, ಹೆಸರು ಉಳಿಯಿತು. ನಮ್ಮ ಧ್ವನಿಸುರುಳಿ ಕಾಲದಲ್ಲೂ ಆಲ್ಬಂ ಅಂದರೆ ಎ ಸೈಡು, ಬಿ ಸೈಡು ತುಂಬ ಹಾಡು. ಒಂದು ಹಾಡಿಗೆ ಸಿಂಗಲ್ ಅನ್ನಿ, ಬಿಡಿ ಹಾಡು ಅನ್ನಿ, ಅದು ಆಲ್ಬಂ ಅಲ್ಲ.

ಇನ್ನು ‘ಚೊಚ್ಚಲ’. ಹೆರಿಗೆಗೆ ಬಳಸುವ ಪದ ಅಲ್ವಾ, ಅದಕ್ಕೇ ಕೇಳಿದ ಕೂಡಲೇ ಇದಕ್ಕೂ ಮುಂಚೆ ಏನೂ ಇರಲಿಲ್ಲ ಅನ್ನಿಸಿಬಿಡುತ್ತದೆ. ಟ್ರಾವಿಸ್ ಉದಾಹರಣೆಯಲ್ಲಿ ಮುಂಚೆ ಬೇಕಾದಷ್ಟಿತ್ತು. 1970ರ ದಶಕದ ಕೊನೆಯಲ್ಲೇ ಅವರು ರ‍್ಯಾಂಡಿ ಟ್ರೇವಿಕ್ ಅನ್ನುವ ಹುಟ್ಟು ಹೆಸರಿನಲ್ಲಿ ಪೌಲಾ ರೆಕಾರ್ಡ್ಸ್‌ಗೆ ಹಾಡಿದ್ದರು. ಆಮೇಲೆ ನ್ಯಾಶ್‌ವಿಲ್ ಪ್ಯಾಲೇಸ್ ಅನ್ನುವ ಕ್ಲಬ್ಬಿನಲ್ಲಿ ಅಡುಗೆ ಕೆಲಸ ಮಾಡುತ್ತಾ, ಅಲ್ಲೇ ವೇದಿಕೆ ಹತ್ತಿ ಹಾಡುತ್ತಾ, ರ‍್ಯಾಂಡಿ ರೇ ಅನ್ನುವ ಹೆಸರಿನಲ್ಲಿ ಅಲ್ಲಿನ ಸಂಗೀತ ಕಛೇರಿಯನ್ನೇ ಧ್ವನಿಮುದ್ರಿಸಿ ಸ್ವಂತವಾಗಿ ಒಂದು ಆಲ್ಬಂ ಕೂಡ ತಂದಿದ್ದರು. ವಾರ್ನರ್ ಬ್ರದರ್ಸ್ ಕಂಪನಿ ಅವರನ್ನು ತೆಗೆದುಕೊಂಡದ್ದು 1985ರಲ್ಲಿ. ಟ್ರಾವಿಸ್ ಅನ್ನುವ ಹೆಸರು ಬಂದದ್ದೂ ಆಗಲೇ. ಆ ವರ್ಷ ಬಂದ ‘ಆನ್ ದಿ ಅದರ್ ಹ್ಯಾಂಡ್’ ಸಿಂಗಲ್ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ 67ಕ್ಕೇ ನಿಂತಿತು. ಮುಂದಿನ ಸಿಂಗಲ್ 6ನೇ ಸ್ಥಾನಕ್ಕೆ ಏರಿದ ಮೇಲೆ ಕಂಪನಿ ಹಳೆಯದನ್ನೇ ಮತ್ತೆ ಬಿಟ್ಟಿತು, ಈ ಸಲ ಅದು ಮೊದಲ ಸ್ಥಾನಕ್ಕೇ ಹೋಯಿತು. ಇಷ್ಟೆಲ್ಲ ಆದ ಮೇಲೂ 1986ರ ಜೂನ್‌ನಲ್ಲಿ ಬಂದ ‘ಸ್ಟಾರ್ಮ್ಸ್ ಆಫ್ ಲೈಫ್’ ಅನ್ನೇ ಚೊಚ್ಚಲ ಆಲ್ಬಂ ಅನ್ನುತ್ತಾರೆ. ಯಾಕೆಂದರೆ ಸ್ಟುಡಿಯೋದಲ್ಲಿ ಪೂರ್ತಿ ಆಲ್ಬಂ ಅಂತಲೇ ಮಾಡಿ, ದೊಡ್ಡ ಕಂಪನಿಯೊಂದು ದೇಶಕ್ಕೆಲ್ಲ ಹಂಚಿದ ಮೊದಲನೆಯದು ಅದು. ನನ್ನ ಕೇಳಿದರೆ ‘ಚೊಚ್ಚಲ ಸ್ಟುಡಿಯೋ ಆಲ್ಬಂ’ ಅಂತ ಪೂರ್ತಿ ಬರೆಯುವುದೇ ಸರಿ. ಒಂದು ಪದ ಜಾಸ್ತಿಯಾದರೂ ಕ್ಲಬ್ಬಿನಲ್ಲಿ ಮಾಡಿದ ಆ ಆಲ್ಬಂಗೆ ಅನ್ಯಾಯ ಆಗುವುದಿಲ್ಲ.

ಇನ್ನೊಬ್ಬ ಕಂಟ್ರಿ ಗಾಯಕ ಡ್ವೈಟ್ ಯೋಕಂ ಅವರದು ಇನ್ನೂ ತೊಡಕಿನ ಕೇಸು. 1984ರಲ್ಲಿ ಆರು ಹಾಡುಗಳ ಇಪಿ ತಂದರು. ಇಪಿ ಅಂದರೆ ಸಿಂಗಲ್‌ಗಿಂತ ದೊಡ್ಡದು, ಆಲ್ಬಂಗಿಂತ ಚಿಕ್ಕದು. 1986ರಲ್ಲಿ ಅದಕ್ಕೇ ಇನ್ನೂ ನಾಲ್ಕು ಹಾಡು ಸೇರಿಸಿ ಅದೇ ಹೆಸರಿನಲ್ಲಿ ಆಲ್ಬಂ ಬಂತು. ಚೊಚ್ಚಲ ಆಲ್ಬಂ 1986ರದು, 1984ರದ್ದಲ್ಲ.

ಕಡೆಗೆ ‘ಸಾಂಪ್ರದಾಯಿಕ’. ಟ್ರಾವಿಸ್ ಹಾಡಿಗೆ ಹೇಳುವ ಈ ಮಾತನ್ನು ಕೇಳಿ ‘ಜಾನಪದ’ ಅಂದುಕೊಂಡರೆ ತಪ್ಪು. ಕಂಟ್ರಿಯಲ್ಲಿ ಈ ಮಾತು ಹಾಡಿನ ವಯಸ್ಸಿಗೆ ಹೇಳುವುದಲ್ಲ, ಹಾಡುವ ಮತ್ತು ನುಡಿಸುವ ರೀತಿಗೆ ಹೇಳುವುದು. 80ರ ದಶಕದ ಶುರುವಿನಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರ ಪಾಪ್ ಕಡೆಗೆ ವಾಲಿತ್ತು. ಟ್ರಾವಿಸ್ ಅಂಥವರು ಪಿಟೀಲು, ಸ್ಟೀಲ್ ಗಿಟಾರನ್ನು ಮತ್ತೆ ಮುಂದಕ್ಕೆ ತಂದು ಆಡಂಬರ ಇಲ್ಲದೆ ಹಾಡಿದರು. ಆ ‘ಆನ್ ದಿ ಅದರ್ ಹ್ಯಾಂಡ್’ ಹಾಡನ್ನೇ ಕೇಳಿ. ಮದುವೆಯಾದ ಗಂಡಸೊಬ್ಬ ಇನ್ನೊಬ್ಬ ಹೆಣ್ಣಿನ ಜೊತೆ ಉಳಿಯಲು ಇರುವ ಕಾರಣಗಳನ್ನು ಒಂದು ಕೈಯಲ್ಲಿ ಎಣಿಸುತ್ತಾನೆ, ಇನ್ನೊಂದು ಕೈಯಲ್ಲಿ ಮದುವೆಯ ಚಿನ್ನದ ಉಂಗುರ. ಅಷ್ಟು ಸಾದಾ ಮಾತನ್ನು ತಗ್ಗಿದ ದನಿಯಲ್ಲಿ, ಎಲ್ಲೂ ಎಳೆದಾಡದೆ ಹಾಡಿದ್ದಾರೆ. ಸಂಪ್ರದಾಯ ಅನ್ನುವುದು ಇದಕ್ಕೆ. ಹಾಡು ಮಾತ್ರ ಹೊಸದು, ಪಾಲ್ ಓವರ್‌ಸ್ಟ್ರೀಟ್ ಮತ್ತು ಡಾನ್ ಶ್ಲಿಟ್ಜ್ ಅನ್ನುವ ವೃತ್ತಿಪರ ಗೀತರಚನೆಕಾರರು ಬರೆದದ್ದು. ‘ಸ್ಟಾರ್ಮ್ಸ್ ಆಫ್ ಲೈಫ್’ ಆಲ್ಬಂನ ಹತ್ತು ಹಾಡುಗಳಲ್ಲಿ ‘ಸೆಂಡ್ ಮೈ ಬಾಡಿ’, ‘ರೀಸನ್ಸ್ ಐ ಚೀಟ್’ ಎರಡನ್ನು ಟ್ರಾವಿಸ್ ಅವರೇ ಬರೆದಿದ್ದಾರೆ. ಬರೆದವರ ಹೆಸರು ಆಲ್ಬಂನಲ್ಲೇ ಅಚ್ಚಾಗಿರುವಾಗ ಅದನ್ನು ಜಾನಪದ ಸಂಗ್ರಹ ಅಂತ ಕರೆಯಲು ಆಧಾರವೇ ಇಲ್ಲ.