ಅತ್ತೆ ಪಕ್ಕದಲ್ಲಿದ್ದಾಗ ಸಿಕ್ಕ ಸೊನ್ನೆ

ಒಮ್ಮೆಯೂ ಸಿಟ್ಟು ಬರದ ಮನುಷ್ಯ ಇದ್ದಾನಾ? ಚಿಕ್ಕದೊಂದು ಸುಳ್ಳನ್ನೂ ಹೇಳದವರು? ಎಂಎಂಪಿಐ ಎಂಬ ಮನೋವಿಜ್ಞಾನದ ಪರೀಕ್ಷೆಯಲ್ಲಿ ‘ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ’ ಎಂಬಂಥ ವಾಕ್ಯಗಳು ಅಲ್ಲಲ್ಲಿ ಸೇರಿಕೊಂಡಿವೆ. ಎಲ್ಲದಕ್ಕೂ ‘ನಾನು ಹಾಗಲ್ಲ’ ಎಂದು ಗುರುತು ಹಾಕುತ್ತಾ ಹೋದವರು ತಮ್ಮನ್ನು ಇರುವುದಕ್ಕಿಂತ ಜಾಸ್ತಿ ಒಳ್ಳೆಯವರಾಗಿ ತೋರಿಸಿಕೊಳ್ಳುತ್ತಿರಬಹುದು ಎಂಬ ಸುಳಿವು ಸಿಗುತ್ತದೆ.

ಈ ಪರೀಕ್ಷೆಯನ್ನು 1940ರ ದಶಕದ ಆರಂಭದಲ್ಲಿ ಹೊರತಂದವರು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಸ್ಟಾರ್ಕ್ ಹ್ಯಾಥವೇ ಮತ್ತು ಜೆ.ಸಿ. ಮೆಕಿನ್ಲಿ. ಯಾವ ಉತ್ತರ ಮಾನಸಿಕ ಕಾಯಿಲೆಯ ಗುರುತು ಎಂದು ಕೂತಲ್ಲೇ ಊಹಿಸುವುದು ಅವರಿಗೆ ಸರಿಬರಲಿಲ್ಲ. ನೂರಾರು ವಾಕ್ಯಗಳನ್ನು ರೋಗಿಗಳಿಗೂ ಕೊಟ್ಟರು, ಆಸ್ಪತ್ರೆಗೆ ಅವರನ್ನು ನೋಡಲು ಬಂದವರಿಗೂ ಕೊಟ್ಟರು. ಎರಡು ಗುಂಪಿನವರ ಉತ್ತರ ಎಲ್ಲಿ ಬೇರೆಯಾಯಿತೋ ಆ ವಾಕ್ಯಗಳನ್ನು ಲೆಕ್ಕಕ್ಕೆ ಹಿಡಿದರು. ಕಾರಣ ಹೊಳೆಯದಿದ್ದರೂ ಸರಿ. ತಜ್ಞರ ಊಹೆಗಿಂತ ಜನರ ಉತ್ತರವನ್ನು ನಂಬಿದ್ದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ. 1989ರ ಪರಿಷ್ಕೃತ ರೂಪದಲ್ಲಿ 567 ವಾಕ್ಯಗಳಿವೆ.

ಅಷ್ಟನ್ನು ಓದಿ ಉತ್ತರಿಸಲು ಯಾರಿಗೆ ಪುರುಸೊತ್ತು? ಖಿನ್ನತೆ ಇದೆಯೇ ಎಂದು ಬೇಗ ನೋಡಲು ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿ ಇದೆ. ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರ ಹೇಗಿತ್ತು ಎಂದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಕೂರಿಸಿಕೊಂಡು ವಿವರವಾಗಿ ಮಾತಾಡಬೇಕು. ಕಾಯಿಲೆ ಇದೆ ಎಂದು ಆ ಅಂಕವೇ ತೀರ್ಮಾನಿಸುವುದಿಲ್ಲ.

ಇದು ಕನ್ನಡದಲ್ಲೂ ಇದೆ. ಆದರೆ ನಮ್ಮ ‘ಬೇಜಾರು’ ಎಂಬ ಪದವನ್ನೇ ನೋಡಿ. ಬಸ್ಸು ತಪ್ಪಿದರೂ ಬೇಜಾರು, ಮಗ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡವಾದರೂ ಬೇಜಾರು. ಎಷ್ಟೋ ಹೆಂಗಸರು ಆ ಪದವನ್ನೂ ಬಳಸುವುದಿಲ್ಲ. ‘ಮೈಕೈ ನೋವು, ಸುಸ್ತು, ನಿದ್ದೆ ಬರಲ್ಲ’ ಅನ್ನುತ್ತಾರೆ, ಅಲ್ವಾ?

ಓದಲು ಬಾರದವರಿಗೆ ಬೇರೆಯವರು ಪ್ರಶ್ನೆ ಓದಿ ಹೇಳುತ್ತಾರೆ. ಆಗ ಪಕ್ಕದಲ್ಲಿ ಅತ್ತೆ ಕೂತಿದ್ದರೆ ಸೊಸೆ ಏನು ಹೇಳಿಯಾಳು? ಒಂಬತ್ತಕ್ಕೂ ಸೊನ್ನೆ. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಆ ಮನೆಯಲ್ಲಿ ಅವಳು ಕೊಡಬಹುದಾದ ಉತ್ತರ ಅದೊಂದೇ. ಪಿಎಚ್‌ಕ್ಯು-9ರಲ್ಲಿ ಇಂಥದ್ದನ್ನು ಹಿಡಿಯುವ ವಾಕ್ಯಗಳೂ ಇಲ್ಲ. ಬಾಗಿಲು ಹಾಕಿ, ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಅದರಲ್ಲೂ ಕೊನೆಯ ಪ್ರಶ್ನೆಯನ್ನು. ಅದು ಸಾಯುವ ಯೋಚನೆಯ ಬಗ್ಗೆ. ಅಲ್ಲಿ 1 ಬಂದರೂ ಸಾಕು, ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅವತ್ತೇ ಅವಳ ಜೊತೆ ಮಾತಾಡಬೇಕು.